ಇದು ಜೂಜಿನ ರೊಕ್ಕವಲ್ಲ

ಕಲಕತ್ತಾ, ಜನವರಿ ೧೯೫೫

ಅವ್ವಾ, ನಿನ್ನ ಅಂದಾನಿ ಇಷ್ಟು ದೂರದಿಂದಲೇ ಕಾಲಿಗೆ ಬೀಳುತ್ತಿದ್ದಾನೆ.

ಇಲ್ಲಿನ ಗಾಲ್ಫ್ ಮೈದಾನ ನೋಡಿದರೆ ನೀನು ಬೈಯುತ್ತೀ. ನಮ್ಮೂರು ಲಕ್ಕಲಕಟ್ಟಿಯ ಅರ್ಧ ಹೊಲಗಳಷ್ಟು ಜಾಗಕ್ಕೆ ನೀರು ಹಾಯಿಸಿ ಹುಲ್ಲು ಬೆಳೆಸಿದ್ದಾರೆ, ಒಂದು ದನವನ್ನೂ ಒಳಗೆ ಬಿಡುವುದಿಲ್ಲ! ಆ ಹುಲ್ಲಿನ ಮೇಲೆ ನಿಂಬೆಹಣ್ಣಿನಷ್ಟು ಚೆಂಡನ್ನು ಕೋಲಿನಿಂದ ಹೊಡೆದು ದೂರದ ಕುಳಿಗೆ ಬೀಳಿಸುವುದೇ ನನ್ನ ಕಸುಬು. ನಿನ್ನೆ ಮುಗಿದ ಪಂದ್ಯದಲ್ಲಿ ನಾನು ಎರಡನೆಯವನು. ಮೊದಲು ಬಂದ ಸಾಹೇಬರು ಶೋಕಿಗೆ ಆಡುವವರು, ಅವರಿಗೆ ಬರೀ ಬೆಳ್ಳಿ ಬಟ್ಟಲು. ಆಡಿಯೇ ಹೊಟ್ಟೆ ಹೊರೆಯುವ ನನಗೆ ಇನ್ನೂರು ರೂಪಾಯಿ. ಕೊಡುವಾಗ ನನ್ನ ಹೆಸರಿನ ಜೊತೆಗೆ ನಮ್ಮೂರಿನ ಹೆಸರನ್ನೂ ಕೂಗಿದರು. ನಾಲಿಗೆ ಹೊರಳದೆ ಒದ್ದಾಡಿದರು, ಆದರೂ ಕೂಗಿದರು!

ರೈಲು, ಪಂದ್ಯದ ಫೀ, ಕೋಲಿನ ಚೀಲ ಹೊತ್ತವನ ಕೂಲಿ ಎಲ್ಲ ಕಳೆದು ಉಳಿದದ್ದು ಐವತ್ತು. ನಲವತ್ತು ಮನಿಯಾರ್ಡರ್ ಮಾಡಿದ್ದೇನೆ. ಹೋದ ಸಲ, "ಜೂಜಾಡಿ ಗೆದ್ದ ರೊಕ್ಕ ನನ್ನ ಹೊಸ್ತಲಾ ದಾಟಬಾರದಪಾ" ಎಂದು ಪೋಸ್ಟಿನವನನ್ನು ಹಾಗೇ ತಿರುಗಿ ಕಳಿಸಿದೆಯಂತೆ. ಇಸ್ಪೀಟಿನಲ್ಲಿ ಕೈಗೆ ಬಂದ ಎಲೆ ನಸೀಬು, ಅವ್ವಾ. ಇಲ್ಲಿ ಚೆಂಡು ನಾನು ಹೊಡೆದ ಕಡೆಗೇ ಹೋಗುತ್ತದೆ. ಮೈಯಲ್ಲಿ ಆರಾಮವಾಗಿದ್ದೇನೆ. ಅಂಗೈ ಮಾತ್ರ ಜಡ್ಡುಗಟ್ಟಿದೆ, ನೇಗಿಲು ಹಿಡಿದು ಅಪ್ಪನದು ಜಡ್ಡುಗಟ್ಟಿತ್ತಲ್ಲ, ಹಾಗೆ.

ಈ ಸಲ ಹೆಬ್ಬೆಟ್ಟು ಒತ್ತಿ ತೆಗೆದುಕೋ. ಮೊದಲು ಇಟಗಿ ಭೀಮವ್ವನ ಗುಡಿಯಲ್ಲಿ ಒಂದು ಕಾಯಿ ಒಡೆಸು. ಒಳಗೆ ಕೆಟ್ಟಿದ್ದರೆ ಉಳಿದ ರೊಕ್ಕ ನನಗೇ ಕಳಿಸು, ಕೋಲು ಇಲ್ಲೇ ಬಿಸಾಕಿ ಊರಿಗೆ ಬರುತ್ತೇನೆ. ಚಲೋ ಇದ್ದರೆ ಅರ್ಧ ಹೋಳು ಆ ಪೋಸ್ಟಿನವನಿಗೆ ಕೊಡು.

ನಿನ್ನ ಅಂದಾನಪ್ಪ