ನಕ್ಷೆಯ ಮೇಲಿನ ಬಿಳಿ ತೇಪೆ

ತಾಕೆಹಾಮಾ,
ನವೆಂಬರ್ 19, ಮಂಗಳವಾರ

ಪ್ರೀತಿಯ ಟೋಕಿ ಅಕ್ಕನಿಗೆ,

ಹೇಗಿದ್ದೀಯೆ? ಸಪ್ಪೊರೊದಲ್ಲಿ ಆಗಲೇ ಹಿಮ ಬಿತ್ತೆಂದು ಟಿವಿಯಲ್ಲಿ ತೋರಿಸಿದರು. ನಿನ್ನ ಮೊಣಕಾಲು ಮತ್ತೆ ಹಿಡಿದುಕೊಂಡಿತೋ ಏನೋ ಎಂದು ಆಗಿನಿಂದ ಅದೇ ಯೋಚನೆ. ಭಾವನ ರಕ್ತದೊತ್ತಡ ಹೇಗಿದೆ? ನಿಮ್ಮತ್ತೆ ಈಗಲೂ ಉಪ್ಪಿನಕಾಯಿ ಭರಣಿಗೆ ತಾವೇ ಕೈಹಾಕುತ್ತಾರೋ? ನಾನು ಚೆನ್ನಾಗಿದ್ದೇನೆ, ಹಲ್ಲೊಂದು ಅಲುಗಾಡುತ್ತಿದೆ, ಅಷ್ಟೆ. ಈ ಪತ್ರವನ್ನು ನೀನು ಕೆಲಸ ಮಾಡುವ ಉಣ್ಣೆ ಅಂಗಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ, ಹಿಂದೆ ನನ್ನ ಹೆಸರು ಬರೆದಿಲ್ಲ, ಬಯ್ಯಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾರೆ, ನೀನು "ಹೌದು, ನೀಲಿ ನೂಲು ನಾಳೆ ಬರುತ್ತೆ" ಅಂತ ಶುರುಮಾಡುತ್ತೀಯೆ. ತವರೇ ಇಲ್ಲ, ಒಡಹುಟ್ಟಿದವರೂ ಇಲ್ಲ ಎಂದು ಹೇಳಿ ಸೇರಿದ ಮನೆಯಲ್ಲಿ ತಂಗಿಯ ಜೊತೆ ಮಾತಾಡುವುದು ಹೇಗೆ, ಪಾಪ. ಅದಕ್ಕೆ ನಾನು ನಿನ್ನ ಮೇಲೆ ಎಂದೂ ಕೋಪ ಮಾಡಿಕೊಂಡಿಲ್ಲ. ಸ್ವಲ್ಪ ಮಾಡಿಕೊಂಡಿದ್ದೇನೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಈಗ ನನ್ನ ತಲೆ ಮೊಸರುಗಡಿಗೆಯಾಗಿದೆ, ನಿನ್ನನ್ನು ಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ.

ನಗರ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ ಹಿಡಿದಿದ್ದೇನೆಂದು ಹೇಳಿದ್ದೆನಲ್ಲ, ಹಳೆಯ ನಕ್ಷೆಗಳ ಕೋಣೆಯಲ್ಲಿ. ಕೋಟೆಯ ದೊರೆಗಳ ಕಾಲದ್ದೊಂದು ಊರ ನಕ್ಷೆ ಇದೆ. ಬಿಚ್ಚಿ ಹಾಸಿದರೆ ನಮ್ಮ ಅಪ್ಪನ ಮನೆಯ ನಡುಕೋಣೆ ಪೂರ್ತಿ ಮುಚ್ಚೀತು. ಮಡಿಕೆಗಳಲ್ಲೆಲ್ಲ ಹುಳು ಹೊಡೆದಿತ್ತು. ಅದಕ್ಕೆ ಹಿಂದಿನಿಂದ ತೆಳ್ಳನೆ ಕಾಗದ ಅಂಟಿಸಿ, ತಿಂಗಳುಗಟ್ಟಲೆ ಭಾರ ಹೇರಿ ಸಪಾಟು ಮಾಡಿ, ಮೇಲಿನಿಂದ ಕ್ಯಾಮೆರಾ ಇಳಿಬಿಟ್ಟು ತುಂಡುತುಂಡಾಗಿ ಫೋಟೊ ತೆಗೆದರು. ಕಂಪ್ಯೂಟರು ಆ ತುಂಡುಗಳನ್ನೆಲ್ಲ ಸೇರಿಸಿ ಹೊಲಿಯಿತು. ಇಷ್ಟಾದ ಮೇಲೆ ಅಸಲು ಕಾಗದವನ್ನು ಪೆಟ್ಟಿಗೆಯೊಳಗೆ ಮಲಗಿಸಿಬಿಟ್ಟರು, ಇನ್ನು ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಆದರೆ ಯಾರು ಬೇಕಾದರೂ ನೋಡಬಹುದು. ಕುಂಚದಲ್ಲಿ ಬರೆದ ಹಳೆಯ ಅಕ್ಷರಗಳನ್ನು ಓದಿ, ಒಂದೊಂದು ಊರಿನ, ಬೀದಿಯ, ಗುಡಿಯ ಹೆಸರನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಕನ್ನಡಕ ಒರೆಸಿಕೊಂಡು, ನಡುವೆ ಒಂದು ಅಕ್ಕಿ ಬಿಸ್ಕತ್ತು ಕಡಿದುಕೊಂಡು ಹಾಯಾಗಿಯೇ ಇದ್ದೆ.

ಒಂದು ಬೆಳಗ್ಗೆ ಹೊಳೆಯ ದಾರಿ ಹಿಡಿದು ಓದುತ್ತಾ ಬಂದೆ. ಕಟ್ಟೆಯಿಂದ ಹೊರಗೆ, ಹೊಳೆ ತಿರುಗುವಲ್ಲಿ, ನಾಲ್ಕಾರು ಮನೆಗಳ ಮಾಡುಗಳು. ಉಳಿದ ಹಳ್ಳಿಗಳಿಗೆಲ್ಲ ದುಂಡನೆಯ ಗೆರೆ, ಇದಕ್ಕೆ ಮಾತ್ರ ಚೌಕ. ಚೌಕದೊಳಗೆ ಚರ್ಮ ಹದಮಾಡುವವರ ನಮ್ಮ ಕೇರಿಯ ಹಳೆಯ ಹೆಸರು. ಯಾವ ಹೆಸರೆಂದು ನಿನಗೆ ಗೊತ್ತು, ನಾನು ಇಲ್ಲಿ ಬರೆಯುವುದಿಲ್ಲ. ಶಾಲೆಯಿಂದ ಬರುವಾಗ ನಮ್ಮ ಬೆನ್ನಿಗೆ ಎಸೆಯುತ್ತಿದ್ದರಲ್ಲ, ಅದೇ. ಯುದ್ಧ ಮುಗಿದ ಮೇಲೆ ಪುರಸಭೆಯವರು ಚೆಂದದ ಹೆಸರಿಟ್ಟರು. ಆ ಮೇಲೆ ಊರವರು ಯಾವ ಹೆಸರನ್ನೂ ಹೇಳದೆ "ಹೊಳೆಯಾಚೆ" ಎನ್ನಲು ಕಲಿತರು. ನಾನು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಟೈಪ್ ಮಾಡಲು ಆಗಲಿಲ್ಲ.

ಕಾಗದದಲ್ಲಿದ್ದರೆ ಇರಲಿ ಬಿಡು, ಯಾರು ನೋಡುತ್ತಾರೆ. ಆದರೆ ಈಗ ಈ ಹಳೆಯ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಹಾಸಿಬಿಟ್ಟಿದ್ದಾರೆ ಅಕ್ಕಾ. ಫೋನಿನಲ್ಲಿ ಯಾರದೇ ಮನೆಯ ವಿಳಾಸ ಒತ್ತಿದರೆ ಸಾಕು, ಆ ಜಾಗ ಆಗ ಏನಾಗಿತ್ತೆಂದು ಕಾಣುತ್ತದೆ. ಹೆಣ್ಣು ನೋಡಲು ಹೊರಟವರು, ಕೆಲಸ ಕೊಡುವವರು ಹಿಂದೆ ದುಡ್ಡು ಕೊಟ್ಟು ಗುಟ್ಟಾಗಿ ವಿಚಾರಿಸಬೇಕಿತ್ತು. ಈಗ ಸೋಫಾದ ಮೇಲೆ ಕಾಲು ಚಾಚಿಕೊಂಡೇ ವಿಚಾರಿಸಬಹುದು. ನಿನ್ನ ಮನೆಯ ಕಾಗದಪತ್ರದಲ್ಲೆಲ್ಲೋ ನಿನ್ನ ಹುಟ್ಟಿದ ಮನೆಯ ವಿಳಾಸ ಇದ್ದೇ ಇರುತ್ತದಲ್ಲ, ನನಗೆ ಮೊದಲು ನೆನಪಾದದ್ದೇ ಅದು.

ನಮ್ಮ ಕೋಣೆಯ ಮುಖ್ಯಸ್ಥರು ನಿಶಿಗಾಕಿ ಅಂತ, ಒಳ್ಳೆಯವರು, ನೊಣಕ್ಕೂ ದಾರಿ ಬಿಟ್ಟು ನಿಲ್ಲುವಂಥವರು. ನಾನು ಖಾಲಿ ಬಿಟ್ಟದ್ದನ್ನು ಅವರೇ ನೋಡಿ, ಧ್ವನಿ ತಗ್ಗಿಸಿ, ಇದು ಸೂಕ್ಷ್ಮದ ವಿಷಯ ಎಂದು ಆ ಚೌಕದ ಮೇಲೆ ಬಿಳಿ ತೇಪೆ ಹಾಕಿಸಿಬಿಟ್ಟರು. ನನಗೂ ಎದೆಯ ಭಾರ ಇಳಿಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು ಅನ್ನುತ್ತಾರಲ್ಲ, ನಾವಿಬ್ಬರೂ ಕುಡಿದೆವು. ಅಷ್ಟು ದೊಡ್ಡ ನಕ್ಷೆಯಲ್ಲಿ ಒಂದೇ ಒಂದು ಬಿಳಿ ಚೌಕ! ಊರಿಗೆ ನಕ್ಷೆ ತೆರೆದುಕೊಟ್ಟ ವಾರದೊಳಗೆ ಎಲ್ಲರಿಗೂ ಕೋಟೆ ಬೇಡ, ಗುಡಿ ಬೇಡ, ಅದೇ ಬೇಕು. ಶಾಲೆಯ ಮಕ್ಕಳು ಫೋನ್ ಮಾಡಿ, ಬಿಳಿ ಇರೋ ಕಡೆ ನಿಧಿ ಇದೆಯಾ ಎಂದು ಕೇಳಿದರು. ದೊಡ್ಡವರು ಕೇಳಲಿಲ್ಲ, ಅವರಿಗೆ ಗೊತ್ತಾಯಿತು.

ನಿಶಿಗಾಕಿಯವರಿಗೆ ನಿದ್ದೆಯಿಲ್ಲ. ತಲೆ ಓಡಿಸಿ ಇನ್ನೊಂದು ಉಪಾಯ ಮಾಡಿದರು. ಹಳ್ಳ, ತೋಟ, ಪೇಟೆಬೀದಿ ಎಂದು ಅಲ್ಲಲ್ಲಿ ಸುಮ್ಮನೆ ಹತ್ತಾರು ಬಿಳಿ ತೇಪೆ ಹಾಕಿಸಿದರು, ಯಾವುದು ಅಸಲು ಎಂದು ಯಾರಿಗೂ ತಿಳಿಯದಿರಲಿ ಅಂತ. ಮರುದಿನವೇ ಸೋಯಾ ಸಾಸ್ ಮಾಡುವ ಹಳೆಯ ಮನೆತನದ ಯಜಮಾನರು ಟೋಪಿಯನ್ನೂ ತೆಗೆಯದೆ ಒಳಗೆ ನುಗ್ಗಿದರು. ನಮ್ಮ ಬೀದಿಗೆ ಯಾಕೆ ತೇಪೆ, ಜನ ನಮ್ಮನ್ನು ಏನಂದುಕೊಳ್ಳಬೇಕು ಎಂದು ಕೂಗಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನಗು ಬಂತು, ಚಹಾ ಕೊಡುವ ನೆಪದಲ್ಲಿ ಒಳಗೆ ಹೋಗಿ ನಕ್ಕೆ. ಆಮೇಲೆ ಅಲ್ಲೇ ಅಳುವೂ ಬಂತು. ಜನ ತಮ್ಮನ್ನು ಏನೆಂದುಕೊಂಡಾರು ಎಂದು ಅವರು ಹೆದರಿದರೋ, ಅದು ನಾನೇ ಅಲ್ಲವೇ ಅಕ್ಕಾ.

ಕೊನೆಗೆ ಸುಮ್ಮನೆ ಆ ಕೇರಿಯವರನ್ನೇ ಕೇಳೋಣ ಎಂದು ನಿಶಿಗಾಕಿಯವರು ನಿಶ್ಚಯ ಮಾಡಿದರು. ಮೊದಲೇ ಕೇಳಬಹುದಿತ್ತು. ವಯಸ್ಸಾದವರ ಜೊತೆ ನೀವು ಚೆನ್ನಾಗಿ ಮಾತಾಡುತ್ತೀರಿ, ಜೊತೆಗೆ ಬನ್ನಿ ಎಂದು ನನ್ನನ್ನೇ ಕರೆದರು. ಅವರಿಗೇನು ಗೊತ್ತು? ಗಂಡನ ಮನೆತನದ ಹೆಸರು ಹೊತ್ತು, ಅವರ ಜೊತೆ ಊರೂರು ವರ್ಗವಾಗಿ ತಿರುಗಿ, ಅವರು ತೀರಿಹೋದ ಮೇಲೆ ನಿಲ್ದಾಣದ ಹತ್ತಿರ ಬಾಡಿಗೆಗೆ ಬಂದು ಕೂತ ಹೆಂಗಸು ನಾನು. ಜ್ವರ ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲವೆಂದು ಈಗಲೂ ಗೊತ್ತಿಲ್ಲ.

ಸೇತುವೆ ದಾಟಿ ಕೇರಿಯ ಸಭಾಮನೆಗೆ ಹೋದೆವು. ಚಾಪೆಯ ಮೇಲೆ ಒಂದು ಕಡೆ ಅವರು, ಎದುರಿಗೆ ನಾವಿಬ್ಬರು. ಮೊದಲ ಸಾಲಿನಲ್ಲೇ ಕಿಹಾಚಿ ಮಾವ, ಅಪ್ಪನ ಜೊತೆ ನಗಾರಿಗೆ ಚರ್ಮ ಎಳೆದು ಕಟ್ಟುತ್ತಿದ್ದವರು, ನಿನ್ನನ್ನೂ ನನ್ನನ್ನೂ ಎರಡು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವರು. ನನ್ನನ್ನು ನೋಡಿದ ಕೂಡಲೇ ಅವರಿಗೆ ಗುರುತಾಯಿತು. ಪಕ್ಕದ ಮುದುಕಿಯರಿಗೂ ಆಯಿತು, ಕಣ್ಣಲ್ಲೇ ತಿಳಿಯಿತು. ಒಬ್ಬರೂ ಬಾಯಿ ಬಿಡಲಿಲ್ಲ ಅಕ್ಕಾ. ಕಿಹಾಚಿ ಮಾವ ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, "ತಾವು ಅಷ್ಟು ದೂರದಿಂದ ಬಂದಿದ್ದೀರಿ, ನಮ್ಮ ಭಾಗ್ಯ" ಎಂದರು. ನನಗೆ! ಮುಚ್ಚಳದ ಬಟ್ಟಲಲ್ಲಿ ಚಹಾ ಬಂತು, ಹೊರಗಿನವರಿಗೆ ಕೊಡುವ ಬಟ್ಟಲು. ನನ್ನನ್ನು ಕಾಪಾಡಲಿಕ್ಕೇ ಹೀಗೆ ಮಾಡುತ್ತಿದ್ದಾರೆಂದು ಗೊತ್ತು. ಆದರೂ ಯಾರಾದರೂ ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು ಅನ್ನಿಸಿತು.

ಮಾತು ಶುರುವಾಯಿತು. ಹೆಸರನ್ನು ಇದ್ದಹಾಗೆಯೇ ತೋರಿಸಬೇಕೆಂದು ಕಿಹಾಚಿ ಮಾವನ ಹಟ. "ಗುಡಿಯ ನಗಾರಿಗೆ ಚರ್ಮ ನಮ್ದು. ಬಾರಿಸಿದ್ರೆ ಊರಿಗೆಲ್ಲ ಕೇಳುತ್ತೆ. ನಕ್ಷೇಲಿ ಮಾತ್ರ ನಾವು ಕಾಣಬಾರ್ದಾ? ಇನ್ನೂರೈವತ್ತು ವರ್ಷ ಅಲ್ಲೇ ಇದ್ವಪ್ಪ, ನೆಂಟರ ಮನೆಗೆ ಹೋಗಿರ್ಲಿಲ್ಲ" ಎಂದರು. ಸರಿಯಾದ ಮಾತಲ್ಲವೇ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಅಯುಮಿ ಎಂಬವಳು, ಚಿಕ್ಕ ವಯಸ್ಸಿನ ತಾಯಿ, ಎದ್ದು ನಿಂತಳು. "ಮಾವ, ನಿಮ್ಮನ್ನ ಇನ್ನು ಯಾರೂ ಕೆಲಸಕ್ಕೆ ಕರೆಯಲ್ಲ, ಸಂಬಂಧ ಕೇಳ್ಕೊಂಡೂ ಬರಲ್ಲ. ನನ್ನ ಮಗಳಿಗೆ ಹದಿನಾಲ್ಕು. ಅವಳ ವಿಳಾಸ ಒತ್ತಿ ನೋಡೋನಿಗೆ ನಿಮ್ಮ ನಗಾರಿ ಕೇಳಿಸಲ್ಲ." ಅದೂ ಸರಿಯಲ್ಲವೇ! ಒಬ್ಬರು ಆ ನಕ್ಷೆಯನ್ನೇ ತೆಗೆದುಹಾಕಿ ಎಂದರು, ಇನ್ನೊಬ್ಬರು ಊರಿನ ಎಲ್ಲ ಹೆಸರನ್ನೂ ಅಳಿಸಿ, ಎಲ್ಲರೂ ಬೋಳಾಗಲಿ ಎಂದರು. ಯಾರು ಮಾತಾಡಿದರೂ ಅವರ ಕಡೆಗೇ ನನ್ನ ತಲೆ ಅಲ್ಲಾಡುತ್ತಿತ್ತು.

ಆಗ ನಿಶಿಗಾಕಿಯವರು ತಗ್ಗಿದ ದನಿಯಲ್ಲಿ, ನಿಮ್ಮ ನೋವು ನಮ್ಮಂಥ ಹೊರಗಿನವರಿಗೆ ಹೇಗೆ ತಿಳಿಯಬೇಕು, ನಾನಾಗಲಿ ಈ ಮಸುಯೊ ಅವರಾಗಲಿ ಕೇಳಿಸಿಕೊಳ್ಳಬಹುದಷ್ಟೆ ಎಂದು ನನ್ನ ಕಡೆ ಕೈ ತೋರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ನಾನು ಹೊರಗಿನವಳೆಂದು ಇಡೀ ಕೋಣೆ ಒಟ್ಟಾಗಿ ಸುಳ್ಳು ಹೇಳುತ್ತಾ ಕೂತಿತ್ತು, ನನಗೋಸ್ಕರ. ನನ್ನ ಬಾಯಿಂದ, ನಾನು ಈ ಕೇರಿಯವಳೇ, ಬಾವಿಯ ಪಕ್ಕದ ಮನೆ ಎಂದು ಬಂದುಬಿಟ್ಟಿತು. ಧೈರ್ಯವಲ್ಲ ಅಕ್ಕಾ, ಸೀನು ಬಂದ ಹಾಗೆ ಬಂತು. ನಿಶಿಗಾಕಿಯವರ ಕಿವಿ ಕೆಂಪಾಯಿತು, ಬಗ್ಗಿದವರು ಎಷ್ಟೋ ಹೊತ್ತು ತಲೆಯೆತ್ತಲಿಲ್ಲ. ಒಬ್ಬ ಮುದುಕಿ ಎದ್ದು ಬಂದು, ನನ್ನ ಮುಂದಿದ್ದ ಮುಚ್ಚಳದ ಬಟ್ಟಲು ತೆಗೆದುಕೊಂಡು ಹೋಗಿ, ತಮ್ಮದರಂಥದೇ ಮುಚ್ಚಳವಿಲ್ಲದ ಬಟ್ಟಲಲ್ಲಿ ಚಹಾ ತಂದಿಟ್ಟಳು.

ಹೆಸರಿನ ವಿಷಯ ಅಂದು ಬಗೆಹರಿಯಲಿಲ್ಲ. ಹೊಸ ವರ್ಷ ಕಳೆದು ಮತ್ತೆ ಸೇರುತ್ತಾರಂತೆ, ಅಲ್ಲಿಯವರೆಗೆ ನಕ್ಷೆಗೆ ಬೀಗ. ನನ್ನ ಅಭಿಪ್ರಾಯವನ್ನೂ ಕೇಳಿದ್ದಾರೆ. ತೋರಿಸಿ ಎಂದರೆ ಅಯುಮಿಯ ಮಗಳು ಕಣ್ಣ ಮುಂದೆ ಬರುತ್ತಾಳೆ, ನೀನೂ ಬರುತ್ತೀಯೆ. ಮುಚ್ಚಿ ಎಂದರೆ ಅಪ್ಪನ ಕೈಗಳು ನೆನಪಾಗುತ್ತವೆ, ಸುಣ್ಣದಲ್ಲಿ ನೆಂದು ಬೆಳ್ಳಗಾಗಿರುತ್ತಿದ್ದವಲ್ಲ, ಆ ಕೈಗಳು. ಉಗುಳಲೂ ಆಗದು, ನುಂಗಲೂ ಆಗದು. ನೀನಾದರೂ ಹೇಳು. ಕಾಲು ನೋಯುತ್ತಿದ್ದರೆ ಬಿಸಿ ನೀರಿನಲ್ಲಿಡು, ಸುಮ್ಮನೆ ಮಾತ್ರೆ ನುಂಗಬೇಡ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ಯಾರದೆಂದು ಹೇಳದೆ ತಲೆ ಮುಟ್ಟಿಬಿಡು, ತಲುಪುತ್ತದೆ.

ನಿನ್ನ ತಂಗಿ,
ಮಸುಯೊ

ಲಕೋಟೆ ಅಂಟಿಸುವ ಮೊದಲು ಇಷ್ಟು ಬರೆಯಲೇಬೇಕು, ಇದನ್ನು ಬರೆಯಲಾರದೆಯೇ ಅಷ್ಟುದ್ದ ಬರೆದೆ. ನಾನು ಕೇರಿಯವಳೆಂದು ಹೇಳಿದ ಮೇಲೆ ನಿಶಿಗಾಕಿಯವರು, ಹಾಗಾದರೆ ನಿಮ್ಮ ಮನೆಯ ಬೇರೆಯವರನ್ನೂ ಕೇಳಬೇಕಲ್ಲ, ಒಡಹುಟ್ಟಿದವರು ಎಲ್ಲಿದ್ದಾರೆ ಎಂದರು. ಯಾರೂ ಇಲ್ಲ, ನಾನೊಬ್ಬಳೇ ಮಗಳು ಎಂದುಬಿಟ್ಟೆ. ಕಿಹಾಚಿ ಮಾವ ಬಟ್ಟಲು ಕೆಳಗಿಟ್ಟು, "ಹೌದು. ಆ ಮನೇಲಿ ಇವಳೊಬ್ಬಳೇ" ಎಂದರು. ಮುದುಕಿಯರೆಲ್ಲ ತಲೆಯಾಡಿಸಿದರು. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ನಾನಿರಲಿಲ್ಲ, ಈಗ ನಮ್ಮ ಕೇರಿಯಲ್ಲಿ ನೀನೂ ಇಲ್ಲ. ನಿನ್ನನ್ನು ಉಳಿಸಿದೆನೋ ಕಳೆದೆನೋ ತಿಳಿಯುತ್ತಿಲ್ಲ. ವಾಪಸು ಬರುವಾಗ ಸೇತುವೆಯ ಹತ್ತಿರ ಮಾವ ಹಿಂದಿನಿಂದ ಏದುತ್ತಾ ಬಂದು, ನಿಶಿಗಾಕಿಯವರು ಮುಂದೆ ಹೋಗಲೆಂದು ಕಾದು, "ಟೋಕಿ ಚೆನ್ನಾಗಿದ್ದಾಳೇನಮ್ಮಾ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿಟ್ಟು ಅರ್ಧ ಅವಳಿಗೆ ಎಂದರು. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ದನದ ಕರುಳು, ಅಮ್ಮ ಸಾರಿಗೆ ಹಾಕುತ್ತಿದ್ದಳಲ್ಲ, ನಮ್ಮ ಕೇರಿಯವರು ಬಿಟ್ಟು ಊರಲ್ಲಿ ಬೇರೆ ಯಾರೂ ಮಾಡದಿದ್ದದ್ದು. ಕಳಿಸಿದರೆ ಅದರ ವಾಸನೆಗೆ ನಿಮ್ಮತ್ತೆ ಏನೆಂದು ಕೇಳಿಯೇ ಕೇಳುತ್ತಾರೆ. ನಿನ್ನ ಪಾಲು ತೆಗೆದು ಡಬ್ಬಿಯಲ್ಲಿಟ್ಟಿದ್ದೇನೆ. ಕಳಿಸಲೋ ಬೇಡವೋ, ಬರೆ.