ಮ್ಯಾಟಿನ ಪಕ್ಕ ಒಬ್ಬ ಡಾಕ್ಟರನ್ನು ಕೂರಿಸಿ

ಪಂದ್ಯಾವಳಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ತಿಂಗಳು ತಮ್ಮ ಸಮಿತಿ ನಡೆಸಲಿರುವ ಮುಂಬಯಿ ಕನ್ನಡಿಗರ ಕಬಡ್ಡಿ ಪಂದ್ಯಾವಳಿಯ ಉದ್ಘಾಟನೆಯಂದು ನನ್ನ ಗಂಡ ಕಾಶಿನಾಥರಿಗೆ ಸನ್ಮಾನ ಮಾಡಲು ತಾವು ನಿರ್ಧರಿಸಿದ್ದೀರಿ. ಅದೇ ದಿನ ನನ್ನ ಮಗಳು ದಾನೇಶ್ವರಿ ಹುಡುಗಿಯರ ತಂಡದ ನಾಯಕಿಯಾಗಿ ಮ್ಯಾಟಿಗೆ ಇಳಿಯಬೇಕೆಂದೂ ನಿರ್ಧರಿಸಿದ್ದೀರಿ. ನನಗೆ ಎರಡೂ ಬೇಡ. ಈ ಆಟ ನನ್ನ ಗಂಡನ ತಲೆಯನ್ನು ತಿಂದಿದೆ. ಹದಿನಾರು ವರ್ಷದ ಮಗಳ ತಲೆಗೂ ಅದು ಈಗ ಕೈ ಹಾಕಿದೆ. ಇದನ್ನೇ ನಾನು ಫೋನಿನಲ್ಲಿ ತಮಗೆ ಹೇಳಿದಾಗ ತಾವು ನಕ್ಕು, "ಹೀಗೆಲ್ಲ ಹೆದರಿದರೆ ಮಕ್ಕಳು ಮೊಬೈಲ್ ಹಿಡಿದು ಮನೆಯಲ್ಲೇ ಕೂರಬೇಕಷ್ಟೇ, ಟೀಚರೇ" ಎಂದಿರಿ. ಫೋನಿನಲ್ಲಿ ಹೇಳಿದ್ದು ತಮಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಆದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಕಾಶಿನಾಥ ಯಾರೆಂದು ತಮಗೆ ನಾನು ಪರಿಚಯಿಸಬೇಕಿಲ್ಲ, ಆದರೆ ಇದನ್ನು ಓದುವ ಇತರರಿಗೆ ಹೇಳಬೇಕು. ಅಫಜಲಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ತಂದೆತಾಯಿಯ ಮಗ. ಚೆಂಬೂರಿನ ಚಾಳಿನಲ್ಲಿ ಬೆಳೆದು, ಮಣ್ಣಿನ ಅಂಗಳದಲ್ಲಿ ಕಬಡ್ಡಿ ಕಲಿತರು. ಮೂಲೆಯಲ್ಲಿ ನಿಂತು, ದಾಳಿಗೆ ಬಂದವನ ಕಾಲಿನ ಗಂಟಿಗೆ ಹಾರಿ ಹಿಡಿಯುವುದು ಅವರ ಕೆಲಸ. ಹಿಡಿದರೆ ಬಿಡುತ್ತಿರಲಿಲ್ಲ. ಆ ಹಿಡಿತವೇ ಅವರಿಗೆ ಒಂದು ಕಾರ್ಖಾನೆಯಲ್ಲಿ ನೌಕರಿ ಕೊಡಿಸಿತು, ಆ ನೌಕರಿಯೇ ನನ್ನನ್ನು ಅವರಿಗೆ ಕೊಡಿಸಿತು. ನನ್ನ ಅಪ್ಪ ಹುಡುಗನನ್ನು ನೋಡಲು ಹೋದದ್ದು ಅವರ ಮನೆಗಲ್ಲ, ಫೈನಲ್ ಮ್ಯಾಚಿಗೆ. ಆ ದಿನ ಎದುರಾಳಿಯ ಮೊಣಕಾಲು ಹಣೆಗೆ ಬಡಿದು ಇವರು ಬಿದ್ದರಂತೆ, ಎದ್ದು ಮತ್ತೆ ಆಡಿದರಂತೆ. "ಗಟ್ಟಿ ಮನಿಷ್ಯಾ ಇದ್ದಾನವ್ವ" ಎಂದು ಅಪ್ಪ ಮನೆಗೆ ಬಂದು ಒಪ್ಪಿಗೆ ಕೊಟ್ಟರು.

ಕಾಲಿನ ಗಂಟನ್ನು ಹಿಡಿಯಲು ಹಾರುವವನ ತಲೆ ಎಲ್ಲಿರುತ್ತದೆ ಎಂದು ತಾವು ಯಾವತ್ತಾದರೂ ಯೋಚಿಸಿದ್ದೀರಾ? ಎದುರಾಳಿಯ ಮೊಣಕಾಲಿನ ಮುಂದೆ, ಹಿಮ್ಮಡಿಯ ಕೆಳಗೆ ಇರುತ್ತದೆ. ಮೇಲಿಂದ ಇಡೀ ತಂಡ ಬಂದು ಬೀಳುತ್ತದೆ. ಭುಜ ಜಾರಿದರೆ ಪಟ್ಟಿ ಕಟ್ಟುತ್ತೀರಿ, ಮೂಗು ಒಡೆದರೆ ಹತ್ತಿ ಇಡುತ್ತೀರಿ. ತಲೆಬುರುಡೆಯ ಒಳಗೆ ಮೆದುಳು ಅಲುಗಾಡಿದರೆ ಹೊರಗೆ ರಕ್ತವೂ ಇಲ್ಲ, ಬಾವೂ ಇಲ್ಲ. ಕಣ್ಣಿಗೆ ಕಾಣದ್ದು ಆಗಿಯೇ ಇಲ್ಲ ಎಂಬುದು ತಮ್ಮ ಆರೋಗ್ಯ ಶಾಸ್ತ್ರ.

ಆ ಶಾಸ್ತ್ರದಲ್ಲಿ ಪರೀಕ್ಷೆಯೂ ಒಂದಿದೆ. ಆಟಗಾರ ತಲೆ ತಿರುಗಿ ಬಿದ್ದರೆ ಬಾಟಲಿಯ ತಣ್ಣೀರು ನೆತ್ತಿಗೆ ಸುರಿಯುತ್ತಾರೆ, ಕೆನ್ನೆ ತಟ್ಟುತ್ತಾರೆ, ಆಮೇಲೆ ಕೋಚ್ ಬಾಗಿ ಕೇಳುತ್ತಾರೆ: "ಸ್ಕೋರ್ ಎಷ್ಟು?" ಸರಿಯಾಗಿ ಹೇಳಿದರೆ ತಲೆ ಸರಿಯಿದೆ, ಮತ್ತೆ ಒಳಗೆ ಹೋಗಬಹುದು. ಅಧ್ಯಕ್ಷರೇ, ಸ್ಕೋರ್ ಬೋರ್ಡು ಎದುರಿಗೇ ಇರುತ್ತದೆ! ಬೆಳಕಿನ ಅಕ್ಷರಗಳಲ್ಲಿ, ಮೈದಾನದ ಆಚೆಯ ವಡಾಪಾವ್ ಅಂಗಡಿಗೂ ಕಾಣುವಷ್ಟು ದೊಡ್ಡದಾಗಿ. ಬೋರ್ಡು ಇಲ್ಲದ ಮ್ಯಾಚಿನಲ್ಲಿ ತಂಡದವರೇ ಕಿವಿಯಲ್ಲಿ ಊದುತ್ತಾರೆ. ಮೋಸ ಮಾಡಬೇಕೆಂದಲ್ಲ, ಅದು ಅವರ ಪ್ರೀತಿ. ಗೆಳೆಯ ಹೊರಗೆ ಕೂರಬಾರದು, ಅವನ ಆಯ್ಕೆ ತಪ್ಪಬಾರದು ಎಂಬ ಪ್ರೀತಿ. ಕಾಶಿನಾಥರು ಎಷ್ಟು ಸಲ ಹಾಗೆ ಪಾಸಾದರೋ ದೇವರಿಗೇ ಗೊತ್ತು. ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಾನು ಉತ್ತರವನ್ನು ಕಪ್ಪು ಹಲಗೆಯ ಮೇಲೆ ಬರೆದಿಟ್ಟು ಮಕ್ಕಳಿಗೆ ಪರೀಕ್ಷೆ ಕೊಟ್ಟರೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಈಗ ಅವರ ಕಥೆ ಕೇಳಿ. ಆಟ ಬಿಟ್ಟು ಕೆಲವು ವರ್ಷ ಎಲ್ಲ ನೆಟ್ಟಗಿತ್ತು. ಆಮೇಲೆ ತಲೆನೋವು ಶುರುವಾಯಿತು. ಕುಕ್ಕರಿನ ಸೀಟಿ ಆಗದು, ಟ್ಯೂಬ್‌ಲೈಟಿನ ಬೆಳಕು ಆಗದು. ಹುಟ್ಟಿದಾಗಿನಿಂದ ಓಡಾಡಿದ ಕುರ್ಲಾ ಸ್ಟೇಷನ್ನಿನಲ್ಲಿ ನಿಂತು, ಚೆಂಬೂರಿನ ಲೋಕಲ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ತಿಳಿಯದೆ ಮಧ್ಯಾಹ್ನವಿಡೀ ಬೆಂಚಿನ ಮೇಲೆ ಕೂತಿದ್ದರು. ಹುಡುಕಿಕೊಂಡು ಹೋದ ನನ್ನನ್ನು ಕಂಡು ಚಿಕ್ಕ ಮಗುವಿನ ಹಾಗೆ ಕೈ ಹಿಡಿದುಕೊಂಡರು. ನನ್ನ ಮೇಲೆ ಒಮ್ಮೆಯೂ ದನಿ ಎತ್ತದಿದ್ದ ಮನುಷ್ಯ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಎಸೆದರು, ಎಸೆದದ್ದು ತಾವೇ ಎಂದು ತಿಳಿದಾಗ ಗೋಡೆಗೆ ಮುಖ ಮಾಡಿ ಅತ್ತರು. ನಡೆಯುವಾಗ ತೂರಾಡುತ್ತಿದ್ದರು. ಕಾರ್ಖಾನೆಯಲ್ಲಿ ಕುಡಿದು ಬರುತ್ತಾನೆಂದರು. ಬಿಲ್ಡಿಂಗಿನಲ್ಲೂ ಅದೇ ಮಾತು. ಬದುಕಿನಲ್ಲಿ ಒಂದು ಹನಿ ಮುಟ್ಟದವರು ಕುಡುಕ ಅನ್ನಿಸಿಕೊಂಡು ಕೆಲಸ ಬಿಟ್ಟರು. ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಅದು.

ಡಾಕ್ಟರು ಏನೆಂದರು ಎಂದು ತಾವು ಫೋನಿನಲ್ಲಿ ವಕೀಲರ ಹಾಗೆ ಕೇಳಿದಿರಿ. ಪ್ರಾಮಾಣಿಕವಾಗಿಯೇ ಹೇಳುತ್ತೇನೆ. ಸ್ಕ್ಯಾನಿನಲ್ಲಿ ದೊಡ್ಡದೇನೂ ಕಾಣಲಿಲ್ಲ. ತಲೆಗೆ ವರ್ಷಗಟ್ಟಲೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಹೀಗಾಗುವುದುಂಟು, ಇವರ ಲಕ್ಷಣಗಳೂ ಹಾಗೇ ಇವೆ, ಆದರೆ ಬದುಕಿರುವವರಲ್ಲಿ ಅದನ್ನು ಖಚಿತವಾಗಿ ತೋರಿಸುವ ಪರೀಕ್ಷೆ ಸದ್ಯಕ್ಕಿಲ್ಲ ಎಂದರು. "ಹಾಗಾದರೆ ಸಾಬೀತಾಗಿಲ್ಲ" ಎಂದು ತಾವು ಕೂಡಲೇ ಹೇಳಿದಿರಿ. ಸತ್ಯ, ಸಾಬೀತಾಗಿಲ್ಲ. ನನ್ನ ಗಂಡ ಬದುಕಿರುವುದೇ ತಮ್ಮ ಪರವಾದ ಸಾಕ್ಷಿಯಾಯಿತು. ಆ ಸಾಕ್ಷಿ ಇನ್ನೂ ಬಹುಕಾಲ ತಮ್ಮ ಪರವಾಗಿಯೇ ಇರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆದಮೇಲೂ ಮಗಳನ್ನು ಆಡಲು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಬಹುದು. ಆಡುವಾಗ ಅವಳ ಮುಖ ನೋಡಿದ್ದರೆ ಅವರೂ ಬಿಡುತ್ತಿದ್ದರು. ಅಪ್ಪನಿಗೆ ನಿನ್ನೆಯ ಊಟ ನೆನಪಿಲ್ಲದಿದ್ದರೂ ಮಗಳಿಗೆ ಹೆಜ್ಜೆ ಹೇಗಿಡಬೇಕೆಂದು ಕಲಿಸುವುದು ಮರೆತಿಲ್ಲ. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಇಬ್ಬರೂ ಎದುರುಬದುರು ನಿಂತಾಗ ನನ್ನ ಹಳೆಯ ಕಾಶಿನಾಥ ಸ್ವಲ್ಪ ಹೊತ್ತು ವಾಪಸು ಬರುತ್ತಾರೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಆದರೆ ಹೋದ ತಿಂಗಳು ಅಂಧೇರಿಯಲ್ಲಿ ತಮ್ಮ ಸಮಿತಿಯದೇ ಆಯ್ಕೆಯ ಪಂದ್ಯದಲ್ಲಿ ದಾನೇಶ್ವರಿಯ ಕಿವಿಯ ಮೇಲ್ಭಾಗಕ್ಕೆ ಮೊಣಕಾಲು ಬಡಿಯಿತು. ಬಿದ್ದಳು, ನೀರು ಸುರಿದರು, ಸ್ಕೋರ್ ಕೇಳಿದರು. ಅವಳು ಬೋರ್ಡಿನ ಕಡೆ ನೋಡಿ ಸರಿಯಾಗಿ ಹೇಳಿದಳು. ನಾನು ಗ್ಯಾಲರಿಯಿಂದ ಇಳಿದು ಬರುವಷ್ಟರಲ್ಲಿ ಮತ್ತೆ ಮ್ಯಾಟಿನ ಮೇಲಿದ್ದಳು. ಅವಳೇ ಕೊನೆಯ ಅಂಕ ತಂದಳು. ತಾವು ಅವಳ ತಲೆ ಸವರಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳು ನನ್ನ ಕೈ ಅಲುಗಿಸಿ, "ಮಮ್ಮಿ, ಮ್ಯಾಚ್ ಖತಮ್ ಹೋ ಗಯಾ? ಯಾರು ಜೀತಿದ್ರು?" ಎಂದಳು. ಮ್ಯಾಚು ಮುಗಿಯಿತು, ನೀವೇ ಗೆದ್ದಿರಿ ಎಂದು ಹೇಳಿದೆ. ಸಿಗ್ನಲ್ ದಾಟುವಷ್ಟರಲ್ಲಿ ಮತ್ತೆ ಅದನ್ನೇ ಕೇಳಿದಳು. ಮತ್ತೆ ಹೇಳಿದೆ. ಇನ್ನೊಂದು ಸಲ ಕೇಳಿದಾಗ ರಿಕ್ಷಾವನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿದೆ.

ಅವಳಿಗೆ ಈಗ ಪರವಾಗಿಲ್ಲ. ಆದರೆ ಪೂರ್ತಿ ಗುಣವಾಗುವ ಮೊದಲು ಮತ್ತೊಂದು ಪೆಟ್ಟು ಬಿದ್ದರೆ ಅಪಾಯ, ತಾನು ಹೇಳುವವರೆಗೆ ಮ್ಯಾಟಿಗೆ ಇಳಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆ ವಾರವೇ ತಮ್ಮ ಆಮಂತ್ರಣ ಹಿಡಿದು ಪ್ರಶಾಂತ ಬಂದರು. ವಿಲೆ ಪಾರ್ಲೆಯಲ್ಲಿ ಹೋಟೆಲ್ ನೋಡಿಕೊಳ್ಳುವ ಈ ಉಡುಪಿಯವರು ಒಂದು ಕಾಲದಲ್ಲಿ ಕಾಶಿನಾಥರ ತಂಡದ ಕ್ಯಾಪ್ಟನ್. ಒಳ್ಳೆಯ ಮನುಷ್ಯ, ನಮ್ಮ ಕಷ್ಟಕ್ಕೆ ಆದವರು.

"ರಂಜನಕ್ಕ, ಅಪ್ಪನಿಗೆ ಶಾಲು, ಮಗಳಿಗೆ ಕ್ಯಾಪ್ಟನ್ಸಿ, ಒಂದೇ ಸ್ಟೇಜಿನಲ್ಲಿ. ಇದಕ್ಕಿಂತ ಎಂತ ಬೇಕು ಮಾರಾಯ್ರೆ?" ಎಂದರು.

"ಆಕಿ ತಲಿಗಿ ಪೆಟ್ಟಾದ್ರ ನೋಡ್ಲಿಕ್ಕ ಮ್ಯಾಟ್ ಬಾಜೂಕ ಯಾರ್ ಇರ್ತಾರ್ರಿ?" ಎಂದೆ.

"ಆಂಬುಲೆನ್ಸ್ ಉಂಟಲ್ಲ. ಕೈಕಾಲು ಮುರಿದರೆ ಕೂಡಲೇ ತಗೊಂಡು ಹೋಗ್ತಾರೆ."

"ಕೈಕಾಲಲ್ರಿ, ತಲಿ."

"ಅದು ಕೋಚ್ ನೋಡ್ತಾರೆ. ನಮ್ಮ ಕಾಲದಲ್ಲಿಯೂ ಹಾಗೆಯೇ ಅಲ್ವಾ?" ಎಂದವರು, ಎದುರಿಗೆ ಕೂತಿದ್ದ ಕಾಶಿನಾಥರನ್ನು ನೋಡಿ ಮಾತು ನಿಲ್ಲಿಸಿದರು. ಇವರು ಅವರನ್ನೇ ನೋಡಿ ನಗುತ್ತಿದ್ದರು, ಹಳೆಯ ಕ್ಯಾಪ್ಟನ್ನಿನ ಹೆಸರು ಮಾತ್ರ ನಾಲಿಗೆಗೆ ಬಂದಿರಲಿಲ್ಲ. ಚಹಾ ಹಾಗೇ ಬಿಟ್ಟು ಪ್ರಶಾಂತ ಎದ್ದು ಹೋದರು.

ಮಗಳಿಗೆ ಅಂದೇ ಹೇಳಿದೆ, ಈ ಪಂದ್ಯಾವಳಿಗೆ ನಿನ್ನನ್ನು ಕಳಿಸುವುದಿಲ್ಲ ಎಂದು. ಮನೆ ರಣರಂಗವಾಯಿತು. "ಎಲ್ಲಾರ ಮಮ್ಮಿ ಭೇಜತಾರ, ನೀ ಒಬ್ಬಾಕಿನೇ ಹಿಂಗ! ಮೈ ಪಾಪಾ ಜೈಸೀ ನಹೀ ಹೋಊಂಗೀ!" ಎಂದು, ತಾನು ಅಪ್ಪನ ಹಾಗೆ ಆಗುವುದಿಲ್ಲವೆಂದು ಕಿರುಚಿದಳು. ಕಿರುಚಿದ ಮೇಲೆ ಬಾಯಿ ಮುಚ್ಚಿಕೊಂಡಳು. ಅವಳಪ್ಪ ಬಾಗಿಲಲ್ಲೇ ನಿಂತಿದ್ದರು. ಸಿಟ್ಟಾಗಲಿಲ್ಲ. ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಕೇಳಿದರು: "ನನಗ ಏನಾಗ್ಯಾದ?"

ನಮ್ಮಿಬ್ಬರಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕೊಡಲು ನನ್ನಿಂದ ಆಗಲಿಲ್ಲ, ಅಧ್ಯಕ್ಷರೇ.

ಕಬಡ್ಡಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಈ ಊರಿನಲ್ಲಿ ದಿನವಿಡೀ ತಟ್ಟೆ ತೊಳೆಯುವ, ಸಿಮೆಂಟು ಹೊರುವ ನಮ್ಮ ಹುಡುಗರಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುವ ಜಾಗ ಅದೊಂದೇ. ಅದರ ಬೆಲೆ ನನಗೂ ಗೊತ್ತು. ನಾನು ಕೇಳುವುದು ಇಷ್ಟೇ: ಪ್ರತಿ ಪಂದ್ಯದಲ್ಲೂ ಮ್ಯಾಟಿನ ಪಕ್ಕ ಒಬ್ಬ ಡಾಕ್ಟರು ಕೂರಲಿ, ತಲೆಗೆ ಪೆಟ್ಟಾಯಿತೆಂದು ಅನುಮಾನ ಬಂದರೂ ಸಾಕು, ಆ ಆಟಗಾರ ಅಂದು ಮತ್ತೆ ಒಳಗೆ ಹೋಗದಿರಲಿ, ಡಾಕ್ಟರು ಸರಿ ಎನ್ನುವವರೆಗೆ ಮುಂದೆಯೂ ಹೋಗದಿರಲಿ. ಅವರ ಮಾತನ್ನು ಕೋಚ್ ಮೀರಬಾರದು, ಪ್ರೇಕ್ಷಕರ ಸಿಳ್ಳೆ ಮೀರಬಾರದು, ಅಧ್ಯಕ್ಷರೂ ಮೀರಬಾರದು. ಮಂತ್ರಿಗಳಿಗೆಂದು ಸೋಫಾ ಹಾಕಿಸುವ ಸಮಿತಿಗೆ ಡಾಕ್ಟರಿಗೊಂದು ಕುರ್ಚಿ ಹಾಕಿಸುವುದು ಭಾರವೇ? ಇದನ್ನು ತಾವು ಬಾಯಿಮಾತಿನಲ್ಲಿ ಅಲ್ಲ, ಪಂದ್ಯಾವಳಿಯ ನಿಯಮವೆಂದು ಪ್ರಕಟಿಸುವವರೆಗೆ, ಡಾಕ್ಟರು ಒಪ್ಪಿದರೂ ನನ್ನ ಮಗಳು ಬರುವುದಿಲ್ಲ. ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ, ಬಿಡಲಿ. ನನ್ನ ಮೇಲೆ ಸಿಟ್ಟು ಮಾಡಿಕೊಂಡದ್ದು ಅವಳಿಗೆ ಮುಪ್ಪಿನಲ್ಲೂ ನೆನಪಿರಲಿ.

ಇನ್ನೊಂದು ಬೇಡಿಕೆಯಿದೆ. ಕಾಶಿನಾಥರು ಈಗಲೂ ಒಮ್ಮೊಮ್ಮೆ ಆ ಪ್ರಶ್ನೆ ಕೇಳುತ್ತಾರೆ. ಒಂದು ದಿನ ತಾವು ನಮ್ಮ ಮನೆಗೆ ಬನ್ನಿ. ಮೈಕು ಬೇಡ, ಫೋಟೋ ತೆಗೆಯುವವರು ಬೇಡ. ಅವರ ಎದುರು ಕೂತು, ಅವರು ಕೇಳಿದಾಗ, ಅವರಿಗೆ ಏನಾಗಿದೆ ಎಂದು ಅವರ ಕಣ್ಣು ನೋಡಿ ತಾವೇ ಹೇಳಿ. ಅವರು ಮರೆತು ಮತ್ತೆ ಕೇಳಿದರೆ ಮತ್ತೆ ಹೇಳಿ.

ಇಂತಿ,
ಮಗಳು ಮುನಿಸಿಕೊಂಡಿರುವ, ಗಂಡನಿಗೆ ಉತ್ತರ ಹೇಳಲಾರದ,
ರಂಜನಾ ಕಾಶಿನಾಥ
ಚೆಂಬೂರು