ಬೀಜದ ಕೆಸು

ಪೆಲೆಲಿಯು, ೯ ಆಗಸ್ಟ್ ೧೯೯೪, ಮಂಗಳವಾರ

ಆ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ. ಯುದ್ಧದ ಐವತ್ತನೇ ವರ್ಷಕ್ಕೆ ನಿಲ್ಲಿಸುವ ಕಲ್ಲಿನ ಬರಹಕ್ಕೆ ಹಿರಿಯರ ರುಜು ಬೇಕೆಂದು ಅಣ್ಣನ ಮಗ ಟೆಲ್ಲೆಯ್ ಬಂದಿದ್ದ. ಜಪಾನಿ, ಅಮೆರಿಕನ್ ಎರಡೂ ಸೈನ್ಯಗಳಲ್ಲಿ ಸತ್ತವರ ಸಂಖ್ಯೆಯ ಕೆಳಗೆ, 'ದ್ವೀಪದವರು ಒಬ್ಬರೂ ಸಾಯಲಿಲ್ಲ' ಎಂದಿದೆ. ನಾನು ಓದಿದ ಪುಸ್ತಕಗಳಲ್ಲೂ ಇದೇ ಸಾಲು.

"ನಿನ್ನ ಚಿಕ್ಕತ್ತೆ ದಿಲುಬೆಚ್?" ಎಂದೆ.

"ಅವರು ಹಸಿವಿಂದ ಹೋಗಿದ್ದು ಬಬೆಲ್‌ಡಾಬ್ ಕಾಡಲ್ಲಿ. ಇಲ್ಲಿ ಅಲ್ವಲ್ಲ ಅತ್ತೆ. ಸುಳ್ಳೇನೂ ಬರೆದಿಲ್ಲ."

"ನಮ್ಮನ್ನ ಅಲ್ಲಿಗೆ ಅಟ್ಟಿದ್ದು ಯಾರೋ, ನಿಮ್ಮಪ್ಪನಾ?"

"ಕಲ್ಲಲ್ಲಿ ಅಷ್ಟು ಜಾಗ ಇಲ್ಲ ಅತ್ತೆ" ಎಂದು ನಕ್ಕ.

ಜಪಾನಿ ಸೈನ್ಯ ನಮ್ಮನ್ನು ಆ ದೊಡ್ಡ ದ್ವೀಪಕ್ಕೆ ದೋಣಿ ಹತ್ತಿಸಿದಾಗ ಅಮ್ಮ ಹೊತ್ತದ್ದು ನಮ್ಮ ಗದ್ದೆಯ ಕೆಸುವಿನ ಸಸಿಗಳನ್ನು. ಬಬೆಲ್‌ಡಾಬ್‌ನಲ್ಲಿ ಯಾರದೋ ಗದ್ದೆಯ ಮೂಲೆಯಲ್ಲಿ ನೆಟ್ಟು, ಊರಿಗೆ ಮರಳಿದ ಮೇಲೆ ಬೀಜಕ್ಕೆ ಬೇಕೆಂದು ಕಾಪಿಟ್ಟಳು. ತಂಗಿ ದಿಲುಬೆಚ್ ಹಸಿದು ಅತ್ತರೂ ಒಂದು ಗಡ್ಡೆ ಕೀಳಲಿಲ್ಲ. ಮರಳಿ ಬಂದಾಗ ನಮ್ಮ ಗದ್ದೆಯಿದ್ದ ಜಾಗವೆಲ್ಲ ಬಾಂಬುಗಳು ಅರೆದ ಹವಳಗಲ್ಲಿನ ಬಿಳಿ ಸುಣ್ಣದ ಪುಡಿ. ಅಮ್ಮ ಸಸಿಯ ಬುಟ್ಟಿ ಇಳಿಸದೆ ಸಂಜೆಯವರೆಗೂ ನಿಂತೇ ಇದ್ದಳು.

ರುಜು ಹಾಕಲಿಲ್ಲ. ನಾಳೆ ಮತ್ತೆ ಬರುತ್ತಾನೆ, ಎಲ್ಲರೂ ಹಾಕಿದ್ದಾರೆ ಅನ್ನುತ್ತಾನೆ. ಹಾಕಿರಬಹುದು. ಆ ಬುಟ್ಟಿಯ ಇನ್ನೊಂದು ಹಿಡಿಕೆ ಹಿಡಿದು ನಿಂತಿದ್ದವಳು ನಾನು.